ಎತ್ತಿಗೆ ಜ್ವರ, ಎಮ್ಮೆಗೆ ಬರೆ: 'ಮಂಕಡಿಂಗ್' ಎಂಬ ಪದದ ಕಥೆ

ಚಳಿಗಾಲ ಬಂತೆಂದರೆ ಮುಂಬಯಿ ಮಹಾನಗರದ ಕನ್ನಡ ಸಂಘ-ಸಂಸ್ಥೆಗಳಿಗೆ ಪುರುಸೊತ್ತೆಂಬುದೇ ಇರುವುದಿಲ್ಲ. ವಾರ್ಷಿಕೋತ್ಸವ, ಯಕ್ಷಗಾನ, ಅರಸಿನ ಕುಂಕುಮ, ವಿದ್ಯಾರ್ಥಿ ವೇತನ ವಿತರಣೆ ಇವೆಲ್ಲದರ ನಡುವೆ ಒಂದು ಭಾನುವಾರವನ್ನು ಕ್ರಿಕೆಟ್ ಪಂದ್ಯಾಟಕ್ಕೆಂದು ತೆಗೆದಿಡುವುದು ರೂಢಿ. ಬೆಳಿಗ್ಗೆ ದೀಪ ಬೆಳಗಿಸಿ, ತೆಂಗಿನಕಾಯಿ ಒಡೆದು, ಅತಿಥಿಗಳು ಒಂದು ಚೆಂಡನ್ನು ಎದುರಿಸಿದ ಮೇಲೆ ಆಟ ಆರಂಭ. ಮಧ್ಯಾಹ್ನದ ಊಟದ ಹೊತ್ತಿಗೆ ಸೆಮಿಫೈನಲ್.

ಇಂತಹ ಮೈದಾನಗಳಲ್ಲಿ ಒಮ್ಮೊಮ್ಮೆ ಒಂದು ಗದ್ದಲ ಏಳುವುದುಂಟು. ಕೊನೆಯ ಓವರು. ಬೌಲರ್ ಓಡಿ ಬರುತ್ತಾನೆ. ಅವನ ಪಕ್ಕದಲ್ಲಿ ನಿಂತ ನಾನ್-ಸ್ಟ್ರೈಕರ್ ಚೆಂಡು ಕೈಬಿಡುವ ಮೊದಲೇ ಎರಡು ಹೆಜ್ಜೆ ಮುಂದೆ ಓಡಿರುತ್ತಾನೆ. ಬೌಲರ್ ಚೆಂಡೆಸೆಯದೆ ನಿಂತು ಬೇಲ್ಸ್ ಹಾರಿಸುತ್ತಾನೆ. ಅಂಪೈರ್ ಬೆರಳೆತ್ತುವ ಮೊದಲೇ ಶಾಮಿಯಾನದ ಕೆಳಗಿನಿಂದ ಕೂಗು ಬರುತ್ತದೆ: 'ಏಯ್, ಮಂಕಡ್ ಮಾಡಬಾರದು, ಅದು ಮೋಸ!' ಔಟಾದವನು ಅನ್ಯಾಯವಾದವನಂತೆ ತಲೆಯೆತ್ತಿ ನಿಲ್ಲುತ್ತಾನೆ, ಔಟ್ ಮಾಡಿದವನು ತಲೆ ತಗ್ಗಿಸುತ್ತಾನೆ. ಹಿರಿಯರು ನಡುವೆ ಬಂದು, 'ಹೋಗಲಿ ಬಿಡಿ, ಸಂಘದ ಆಟ' ಎಂದು ಸಮಾಧಾನ ಮಾಡಿ ಆಟ ಮುಂದುವರಿಸುತ್ತಾರೆ.

ಗದ್ದಲ ಮುಗಿಯುತ್ತದೆ. ಆದರೆ ಒಂದು ಪ್ರಶ್ನೆ ಉಳಿಯುತ್ತದೆ. ಈ ಮಂಕಡ್ ಯಾರು? ಅವರ ಹೆಸರನ್ನು ಮೋಸಕ್ಕೆ ಪರ್ಯಾಯವಾಗಿ ಬಳಸುವ ಹಕ್ಕನ್ನು ಕೊಟ್ಟವರು ಯಾರು?

ಇಂದಿನ ಮಕ್ಕಳಲ್ಲಿ ಈ ಪ್ರಶ್ನೆ ಕೇಳಿದರೆ ಹೆಚ್ಚಿನವರಿಗೆ ಅದು ಒಬ್ಬ ವ್ಯಕ್ತಿಯ ಹೆಸರೆಂಬುದೇ ತಿಳಿದಿರುವುದಿಲ್ಲ. ಕನ್ನಡದ ಕಿವಿಗೆ ಆ ಪದ ಇನ್ನಷ್ಟು ಮೋಸ ಮಾಡುತ್ತದೆ. ಮಂಕು ಎಂಬ ಮಾತಿದೆ, ಮಂಕುಬೂದಿ ಎರಚುವುದು ಎಂಬ ನುಡಿಗಟ್ಟಿದೆ. ಎದುರಾಳಿಗೆ ಮಂಕುಬೂದಿ ಎರಚಿ ಔಟ್ ಮಾಡುವುದೇ ಮಂಕಡಿಂಗ್ ಎಂದು ಹುಡುಗರು ಅರ್ಥಮಾಡಿಕೊಂಡರೆ ಅವರ ತಪ್ಪಲ್ಲ. ಆದರೆ ಮಂಕಡ್ ಎಂಬುದು ಭಾರತದ ಅತಿ ಶ್ರೇಷ್ಠ ಆಲ್‌ರೌಂಡರ್‌ಗಳಲ್ಲಿ ಒಬ್ಬರಾದ ವಿನೂ ಮಂಕಡ್ ಅವರ ಮನೆತನದ ಹೆಸರು.

ಆ ಹೆಸರು ಪದವಾದ ಬಗೆಯನ್ನು ತಿಳಿಯಲು 1947ಕ್ಕೆ ಹೋಗಬೇಕು. ದೇಶ ಸ್ವತಂತ್ರವಾಗಿ ಇನ್ನೂ ಕೆಲವೇ ತಿಂಗಳಾಗಿತ್ತು. ಲಾಲಾ ಅಮರನಾಥ್ ನಾಯಕತ್ವದ ಭಾರತ ತಂಡ ಮೊದಲ ಬಾರಿಗೆ ಆಸ್ಟ್ರೇಲಿಯಾ ಪ್ರವಾಸ ಹೊರಟಿತ್ತು. ಎದುರಿಗೆ ಡಾನ್ ಬ್ರಾಡ್ಮನ್ ಅವರ ಬಲಿಷ್ಠ ತಂಡ. ನವೆಂಬರ್ ತಿಂಗಳಲ್ಲಿ ಸಿಡ್ನಿಯಲ್ಲಿ ಆಸ್ಟ್ರೇಲಿಯನ್ ಇಲೆವೆನ್ ವಿರುದ್ಧ ಒಂದು ಪಂದ್ಯ ನಡೆಯಿತು. ಬ್ರಾಡ್ಮನ್ ಪ್ರಥಮ ದರ್ಜೆ ಕ್ರಿಕೆಟ್‌ನಲ್ಲಿ ತಮ್ಮ 100ನೇ ಶತಕ ಬಾರಿಸಿದ್ದು ಅದೇ ಪಂದ್ಯದಲ್ಲಿ. ಬಿಲ್ ಬ್ರೌನ್ ಎಂಬ ಆರಂಭಿಕ ಆಟಗಾರ ನಾನ್-ಸ್ಟ್ರೈಕರ್ ತುದಿಯಿಂದ ಮೊದಲೇ ಓಡುತ್ತಿದ್ದರು. ಎಡಗೈ ಸ್ಪಿನ್ನರ್ ಮಂಕಡ್ ಅವರಿಗೆ ಎಚ್ಚರಿಕೆ ಕೊಟ್ಟರು. ಬ್ರೌನ್ ಮತ್ತೆ ಅದನ್ನೇ ಮಾಡಿದಾಗ ಬೇಲ್ಸ್ ಹಾರಿಸಿ ರನ್ ಔಟ್ ಮಾಡಿದರು.

ಮುಂದಿನ ತಿಂಗಳು, ಡಿಸೆಂಬರ್ 13ರಂದು, ಅದೇ ಸಿಡ್ನಿಯಲ್ಲಿ ಎರಡನೇ ಟೆಸ್ಟ್ ನಡೆಯುತ್ತಿತ್ತು. ಅದೇ ಬ್ರೌನ್, ಅದೇ ತಪ್ಪು. ಮಂಕಡ್ ಈ ಸಲ ಎಚ್ಚರಿಕೆ ಕೊಡಲಿಲ್ಲ. ಬ್ರೌನ್ 18 ರನ್ನಿಗೆ ರನ್ ಔಟ್. ಮಳೆಯಿಂದಾಗಿ ಆ ಟೆಸ್ಟ್ ಡ್ರಾ ಆಯಿತು. ಆದರೆ ಆಸ್ಟ್ರೇಲಿಯಾದ ಪತ್ರಿಕೆಗಳಲ್ಲಿ ವಾದ ವಿವಾದ ಎದ್ದಿತು. ಭಾರತೀಯ ಬೌಲರನ ಕ್ರೀಡಾ ಮನೋಭಾವವನ್ನು ಕೆಲವರು ಪ್ರಶ್ನಿಸಿದರು. ಆ ಗದ್ದಲದಿಂದಲೇ ಮಂಕಡ್ ಎಂಬ ನಾಮಪದ ಕ್ರಿಯಾಪದವಾಯಿತು. ಹೀಗೆ ಔಟಾದವನು ಇಂಗ್ಲಿಷ್ ಬಾಯಲ್ಲಿ 'ಮಂಕಡೆಡ್', ಹಾಗೆ ಔಟ್ ಮಾಡುವ ಕ್ರಿಯೆ 'ಮಂಕಡಿಂಗ್'.

ಗಮನಿಸಬೇಕಾದ ಸಂಗತಿಯೆಂದರೆ, ಎದುರಾಳಿ ತಂಡದ ನಾಯಕ ಬ್ರಾಡ್ಮನ್ ಸ್ವತಃ ಮಂಕಡ್ ಪರ ನಿಂತರು. 1950ರಲ್ಲಿ ಪ್ರಕಟವಾದ ತಮ್ಮ ಆತ್ಮಕಥೆಯಲ್ಲಿ ಅವರು, ಚೆಂಡು ಕೈಬಿಡುವವರೆಗೆ ನಾನ್-ಸ್ಟ್ರೈಕರ್ ಗೆರೆಯೊಳಗೇ ಇರಬೇಕೆಂದು ನಿಯಮ ಸ್ಪಷ್ಟವಾಗಿ ಹೇಳುವಾಗ ಬೌಲರನ ಕ್ರೀಡಾ ಮನೋಭಾವವನ್ನು ಪ್ರಶ್ನಿಸಿದ್ದೇಕೆಂದು ತಮಗೆ ಅರ್ಥವಾಗಲಿಲ್ಲ ಎಂಬ ಅಭಿಪ್ರಾಯ ಬರೆದಿದ್ದಾರೆ. ನಷ್ಟ ಆದದ್ದು ಬ್ರಾಡ್ಮನ್ ತಂಡಕ್ಕೆ. ಆ ನಾಯಕನಿಗೇ ಇಲ್ಲದ ದೂರು ಉಳಿದವರಿಗೆ ಏಕೆ?

ಇನ್ನೊಂದು ಮಾತು. ಆ ಟೆಸ್ಟ್ ಪಂದ್ಯದ ಅಂಕಪಟ್ಟಿಯನ್ನು ಇಂದು ತೆಗೆದು ನೋಡಿದರೂ ಬ್ರೌನ್ ಹೆಸರಿನ ಮುಂದೆ ಇರುವುದು 'ರನ್ ಔಟ್' ಎಂದೇ. ಲೆಕ್ಕದ ಪುಸ್ತಕದಲ್ಲಿ ಮಂಕಡಿಂಗ್ ಎಂಬ ಕಲಮೇ ಇಲ್ಲ. ಪುಸ್ತಕದಲ್ಲಿಲ್ಲದ ಸಾಲವನ್ನು ಬಾಯಿಮಾತಿನಲ್ಲಿ ಒಬ್ಬರ ಖಾತೆಗೆ ಬರೆದು, ಮುಕ್ಕಾಲು ಶತಮಾನ ಬಡ್ಡಿ ಹಾಕುತ್ತಾ ಬಂದಂತಾಗಿದೆ.

ಹಾಗಾದರೆ ಈ ರೀತಿ ಔಟ್ ಮಾಡಿದವರಲ್ಲಿ ಮಂಕಡ್ ಮೊದಲಿಗರೇ? ಅಲ್ಲ. ಇಂಗ್ಲೆಂಡಿನಲ್ಲಿ 1835ರಲ್ಲಿಯೇ ನಾಟಿಂಗ್‌ಹ್ಯಾಮ್‌ನ ಥಾಮಸ್ ಬಾರ್ಕರ್ ಎಂಬ ಬೌಲರ್ ಸಸೆಕ್ಸ್‌ನ ಆಟಗಾರನನ್ನು ಹೀಗೆ ಔಟ್ ಮಾಡಿದ ದಾಖಲೆಯಿದೆ. ಅವರು ಕೊನೆಯವರೇ? ಅದೂ ಅಲ್ಲ. 1969ರ ಅಡಿಲೇಡ್ ಟೆಸ್ಟ್‌ನಲ್ಲಿ ವೆಸ್ಟ್ ಇಂಡೀಸ್‌ನ ಚಾರ್ಲಿ ಗ್ರಿಫಿತ್ ಆಸ್ಟ್ರೇಲಿಯಾದ ಇಯಾನ್ ರೆಡ್‌ಪಾತ್ ಅವರನ್ನು, 1978ರಲ್ಲಿ ಕ್ರೈಸ್ಟ್‌ಚರ್ಚ್‌ನಲ್ಲಿ ನ್ಯೂಜಿಲೆಂಡ್‌ನ ಇವೆನ್ ಚಾಟ್‌ಫೀಲ್ಡ್ ಇಂಗ್ಲೆಂಡಿನ ಡೆರೆಕ್ ರಾಂಡಲ್ ಅವರನ್ನು, 1979ರಲ್ಲಿ ಪರ್ತ್‌ನಲ್ಲಿ ಆಸ್ಟ್ರೇಲಿಯಾದವರೇ ಆದ ಅಲನ್ ಹರ್ಸ್ಟ್ ಪಾಕಿಸ್ತಾನದ ಸಿಕಂದರ್ ಬಖ್ತ್ ಅವರನ್ನು ಹೀಗೆಯೇ ಔಟ್ ಮಾಡಿದರು. 1992ರಲ್ಲಿ ಪೋರ್ಟ್ ಎಲಿಜಬೆತ್‌ನಲ್ಲಿ ಕಪಿಲ್ ದೇವ್ ದಕ್ಷಿಣ ಆಫ್ರಿಕಾದ ಪೀಟರ್ ಕರ್ಸ್ಟನ್ ಅವರನ್ನು ಔಟ್ ಮಾಡಿದ್ದು ಹಲವರಿಗೆ ನೆನಪಿರಬಹುದು. ಬಾರ್ಕರಿಂಗ್ ಎಂದಾಗಲಿ, ಹರ್ಸ್ಟಿಂಗ್ ಎಂದಾಗಲಿ ಯಾರೂ ಹೇಳಲಿಲ್ಲ. ಒಂದೇ ಪ್ರವಾಸದಲ್ಲಿ ಒಬ್ಬನನ್ನೇ ಎರಡು ಬಾರಿ ಔಟ್ ಮಾಡಿದ್ದು ಸುದ್ದಿಯಾಗಿ, ಆ ಒಂದು ಹೆಸರು ಮಾತ್ರ ಅಂಟಿಕೊಂಡಿತು.

ತಪ್ಪು ಮಾಡಿದವನು ಗೆರೆ ಬಿಟ್ಟು ಓಡಿದ ಬ್ಯಾಟ್ಸ್‌ಮನ್. ಹೆಸರು ಕೆಟ್ಟದ್ದು ಗೆರೆ ಕಾಯ್ದ ಬೌಲರನದು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರೆಂಬ ಗಾದೆಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗಲಾರದು. ಹೆಸರಿಡಲೇಬೇಕಾದರೆ ಬ್ರೌನ್ ಅವರ ಹೆಸರಿಡಲಿ, ಮಂಕಡ್ ಹೆಸರೇಕೆ ಎಂದು ಸುನಿಲ್ ಗವಾಸ್ಕರ್ ಸಾರ್ವಜನಿಕವಾಗಿಯೇ ಆಕ್ಷೇಪಿಸಿದ್ದಾರೆ. ಒಬ್ಬರ ಮೇಲಿನ ಬರೆಯನ್ನು ಇನ್ನೊಬ್ಬರ ಮೇಲೆ ಹಾಕುವ ಅಗತ್ಯವಿಲ್ಲ ಎಂದು ಯಾರಾದರೂ ಹೇಳಬಹುದು. ಆದರೆ ಅವರ ಆಕ್ಷೇಪದ ಹಿಂದಿನ ನೋವು ನ್ಯಾಯವಾದದ್ದು.

ಈಗ ಆ ವ್ಯಕ್ತಿಯ ಖಾತೆಯಲ್ಲಿ ನಿಜವಾಗಿ ಜಮೆಯಾಗಿರುವುದು ಏನೆಂದು ನೋಡಬೇಕು. ಮೂಲವಂತರಾಯ್ ಹಿಮ್ಮತ್‌ಲಾಲ್ ಮಂಕಡ್ ಜನಿಸಿದ್ದು 1917ರ ಏಪ್ರಿಲ್ 12ರಂದು, ಗುಜರಾತಿನ ಜಾಮ್‌ನಗರದಲ್ಲಿ. ವಿನೂ ಎಂಬುದು ಅಡ್ಡ ಹೆಸರು. ನವಾನಗರ, ಗುಜರಾತ್, ಬಂಗಾಳ, ಬಾಂಬೆ, ರಾಜಸ್ಥಾನ ಹೀಗೆ ಆಡುತ್ತಾ ಊರೂರು ತಿರುಗಿ, 1978ರ ಆಗಸ್ಟ್ 21ರಂದು ಇದೇ ಮುಂಬಯಿಯಲ್ಲಿ ಕಣ್ಮುಚ್ಚಿದರು. 44 ಟೆಸ್ಟ್‌ಗಳಲ್ಲಿ 2109 ರನ್, 162 ವಿಕೆಟ್. 1000 ರನ್ ಮತ್ತು 100 ವಿಕೆಟ್‌ಗಳ ಜೋಡಿ ಸಾಧನೆಯನ್ನು ಕೇವಲ 23 ಟೆಸ್ಟ್‌ಗಳಲ್ಲಿ ಪೂರೈಸಿದರು. ಆ ದಾಖಲೆ ಮುರಿಯಲು 1979ರಲ್ಲಿ ಇಯಾನ್ ಬೋಥಮ್ ಬರಬೇಕಾಯಿತು. ಬ್ಯಾಟಿಂಗ್ ಸರದಿಯಲ್ಲಿ ಒಂದರಿಂದ ಹನ್ನೊಂದರವರೆಗೆ ಎಲ್ಲ ಕ್ರಮಾಂಕಗಳಲ್ಲೂ ಟೆಸ್ಟ್ ಆಡಿದವರು ಅವರು. ತಂಡಕ್ಕೆ ಬೇಕಾದಲ್ಲಿ ನಿಲ್ಲುವ ಮನುಷ್ಯ.

ಭಾರತ ತನ್ನ ಮೊಟ್ಟಮೊದಲ ಟೆಸ್ಟ್ ಗೆಲುವು ಕಂಡದ್ದು 1952ರ ಫೆಬ್ರವರಿಯಲ್ಲಿ, ಮದ್ರಾಸಿನಲ್ಲಿ, ಇಂಗ್ಲೆಂಡ್ ವಿರುದ್ಧ. ಆ ಪಂದ್ಯದಲ್ಲಿ ಮಂಕಡ್ 108 ರನ್ ಕೊಟ್ಟು 12 ವಿಕೆಟ್ ಕಿತ್ತರು. ಅದೇ ವರ್ಷ ಲಾರ್ಡ್ಸ್‌ನಲ್ಲಿ ಮೊದಲ ಇನ್ನಿಂಗ್ಸ್‌ನಲ್ಲಿ 72 ರನ್, ಬಳಿಕ 73 ಓವರು ಎಸೆದು 5 ವಿಕೆಟ್, ಎರಡನೇ ಇನ್ನಿಂಗ್ಸ್‌ನಲ್ಲಿ 184 ರನ್. ಭಾರತ ಸೋತರೂ ಆ ಪಂದ್ಯವನ್ನು ಕ್ರಿಕೆಟ್ ಲೋಕ 'ಮಂಕಡ್ ಟೆಸ್ಟ್' ಎಂದೇ ನೆನೆಯುತ್ತದೆ. 1956ರಲ್ಲಿ ಮದ್ರಾಸಿನಲ್ಲಿ ನ್ಯೂಜಿಲೆಂಡ್ ವಿರುದ್ಧ 231 ರನ್ ಹೊಡೆದು, ಪಂಕಜ್ ರಾಯ್ ಜತೆ ಮೊದಲ ವಿಕೆಟ್‌ಗೆ 413 ರನ್ ಕೂಡಿಸಿದರು. ಆ ವಿಶ್ವದಾಖಲೆ 2008ರವರೆಗೆ 52 ವರ್ಷ ಅಲುಗಾಡಲಿಲ್ಲ. ವಿವಾದದ ಆ ಆಸ್ಟ್ರೇಲಿಯಾ ಪ್ರವಾಸದಲ್ಲಿಯೂ ಮೆಲ್ಬರ್ನ್‌ನಲ್ಲಿ ಎರಡು ಟೆಸ್ಟ್ ಶತಕ ಬಾರಿಸಿದ್ದರು. ಇಷ್ಟೆಲ್ಲ ಜಮೆ ಇರುವ ಖಾತೆಯಲ್ಲಿ ಜನರ ಬಾಯಲ್ಲಿ ಉಳಿದದ್ದು ಒಂದು ರನ್ ಔಟ್ ಮಾತ್ರ ಎಂದರೆ ಲೆಕ್ಕ ಎಲ್ಲಿಯೋ ತಪ್ಪಿದೆ.

ವ್ಯಕ್ತಿಯ ಹೆಸರು ಪದವಾಗುವುದು ಹೊಸದೇನೂ ಅಲ್ಲ. ಕನ್ನಡದಲ್ಲಿ ಎಡೆಬಿಡದೆ ದುಡಿದವನದು ಭಗೀರಥ ಪ್ರಯತ್ನ, ಮನೆ ಮುರಿಯುವವನು ಶಕುನಿ. ಅವರವರು ಮಾಡಿದ್ದಕ್ಕೆ ತಕ್ಕ ಹೆಸರು ಅವರವರಿಗೆ. ಕ್ರಿಕೆಟ್‌ನಲ್ಲಿಯೂ ಹಾಗೆಯೇ. ಗೂಗ್ಲಿಯನ್ನು ಬಳಕೆಗೆ ತಂದ ಇಂಗ್ಲೆಂಡಿನ ಬೋಸಾಂಕೆ ಅವರ ಗೌರವಾರ್ಥ ಆಸ್ಟ್ರೇಲಿಯಾದಲ್ಲಿ ಆ ಎಸೆತಕ್ಕೆ 'ಬೋಸಿ' ಎಂದೂ ಕರೆದರು. ಶ್ರೀಲಂಕಾದ ದಿಲ್ಶಾನ್ ತಲೆಯ ಮೇಲಿಂದ ಚೆಂಡೆತ್ತಿ ಹೊಡೆದ ಹೊಡೆತ 'ದಿಲ್‌ಸ್ಕೂಪ್' ಆಯಿತು. ಅವು ಪ್ರಶಸ್ತಿ ಪತ್ರಗಳು. ಮಂಕಡ್ ವಿಷಯದಲ್ಲಿ ಮಾತ್ರ ಹೆಸರು ಆರೋಪಪಟ್ಟಿಯಾಯಿತು, ಅದೂ ಮಾಡದ ತಪ್ಪಿಗೆ.

ಮಾಡದ ತಪ್ಪು ಎಂದು ಹೇಳಲು ಸರಳ ಲೆಕ್ಕವೇ ಸಾಕು. ಪಿಚ್ಚಿನ ಉದ್ದ 22 ಗಜ, ಅಂದರೆ 66 ಅಡಿ. ಎರಡೂ ಕಡೆ ಸ್ಟಂಪಿನಿಂದ 4 ಅಡಿ ಮುಂದೆ ಕ್ರೀಸ್ ಗೆರೆ. ಒಂದು ರನ್ನಿಗೆ ಓಡಬೇಕಾದ ದೂರ ಗೆರೆಯಿಂದ ಗೆರೆಗೆ 58 ಅಡಿ. ಚೆಂಡು ಕೈಬಿಡುವ ಮೊದಲೇ 3 ಅಡಿ ಮುಂದೆ ಹೋದವನು ಶೇಕಡಾ 5ಕ್ಕೂ ಹೆಚ್ಚು ದೂರವನ್ನು ಓಡದೆಯೇ ಉಳಿಸಿಕೊಂಡ. ರನ್ ಔಟುಗಳು ಅಂಗುಲಗಳಲ್ಲಿ ತೀರ್ಮಾನವಾಗುವ ಆಟದಲ್ಲಿ ಇದು ಸಣ್ಣ ಮೊತ್ತವಲ್ಲ. ಅದೇ ಗೆರೆಯನ್ನು ಬೌಲರನ ಮುಂಗಾಲು ಪೂರ್ತಿ ದಾಟಿದರೆ, ಅದು ಅರ್ಧ ಅಂಗುಲವೇ ಆಗಿದ್ದರೂ, ನೋಬಾಲ್. ಎದುರಾಳಿಗೆ ಒಂದು ರನ್, ಸೀಮಿತ ಓವರುಗಳ ಆಟದಲ್ಲಿ ಮೇಲೊಂದು ಫ್ರೀ ಹಿಟ್. ಬೌಲರನಿಗೆ ಅಂಗುಲದ ಲೆಕ್ಕ, ಬ್ಯಾಟ್ಸ್‌ಮನ್‌ಗೆ ಅಡಿಗಳ ರಿಯಾಯಿತಿ. ಒಂದೇ ಕೌಂಟರಿನಲ್ಲಿ ಎರಡು ತೂಕದ ಕಲ್ಲು ಇಟ್ಟರೆ ಗಿರಾಕಿ ಸುಮ್ಮನಿರುತ್ತಾನೆಯೇ?

ನಿಯಮ ರೂಪಿಸುವ ಮೆರಿಲ್‌ಬೋನ್ ಕ್ರಿಕೆಟ್ ಕ್ಲಬ್ (ಎಂಸಿಸಿ) ಕೊನೆಗೂ ಈ ವಿಷಯ ಒಪ್ಪಿದೆ. 2019ರ ಮಾರ್ಚ್‌ನಲ್ಲಿ ಜೈಪುರದ ಐಪಿಎಲ್ ಪಂದ್ಯದಲ್ಲಿ ರವಿಚಂದ್ರನ್ ಅಶ್ವಿನ್ ಇಂಗ್ಲೆಂಡಿನ ಜೋಸ್ ಬಟ್ಲರ್ ಅವರನ್ನು ಹೀಗೆ ಔಟ್ ಮಾಡಿದಾಗ ಜಗತ್ತಿನಾದ್ಯಂತ ಚರ್ಚೆಯಾಯಿತು. 2022ರ ಸೆಪ್ಟೆಂಬರ್ 24ರಂದು ಲಾರ್ಡ್ಸ್‌ನಲ್ಲಿ ದೀಪ್ತಿ ಶರ್ಮಾ ಇಂಗ್ಲೆಂಡಿನ ಕೊನೆಯ ಆಟಗಾರ್ತಿ ಚಾರ್ಲಿ ಡೀನ್ ಅವರನ್ನು ಔಟ್ ಮಾಡಿ 16 ರನ್ನುಗಳ ಗೆಲುವು ತಂದಾಗ ಚರ್ಚೆ ಮತ್ತೆ ಕಾವೇರಿತು. ಅದಾಗಿ ಒಂದೇ ವಾರಕ್ಕೆ, ಅಕ್ಟೋಬರ್ 1ರಿಂದ, ಮೊದಲೇ ಪ್ರಕಟಿಸಿದ್ದ ಹೊಸ ನಿಯಮಾವಳಿ ಜಾರಿಗೆ ಬಂತು. ಅದುವರೆಗೆ 'ಅನುಚಿತ ಆಟ'ದ 41ನೇ ನಿಯಮದಡಿ ಇದ್ದ ಈ ಔಟನ್ನು 'ರನ್ ಔಟ್' ಎಂಬ 38ನೇ ನಿಯಮಕ್ಕೆ ವರ್ಗಾಯಿಸಲಾಯಿತು. ಮೊದಲೇ ಎಚ್ಚರಿಕೆ ಕೊಡಬೇಕೆಂಬ ಷರತ್ತು ನಿಯಮದಲ್ಲಿ ಇಲ್ಲ.

ಹಾಗೆಂದು ಬೌಲರನಿಗೆ ಬೇಕಾದಾಗ ಬೇಲ್ಸ್ ಹಾರಿಸುವ ಸ್ವಾತಂತ್ರ್ಯವೂ ಇಲ್ಲ. ಸಾಮಾನ್ಯವಾಗಿ ಚೆಂಡು ಕೈಬಿಡುವ ಕ್ಷಣದೊಳಗೆ ಮಾತ್ರ ಔಟ್ ಮಾಡಬಹುದು. 2023ರ ಏಪ್ರಿಲ್ 10ರಂದು ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಇದು ಎಲ್ಲರ ಕಣ್ಣಮುಂದೆಯೇ ನಡೆಯಿತು. ಕೊನೆಯ ಚೆಂಡಿನಲ್ಲಿ ಲಖನೌ ತಂಡಕ್ಕೆ ಬೇಕಾದದ್ದು ಒಂದು ರನ್, ಉಳಿದದ್ದು ಒಂದು ವಿಕೆಟ್. ರವಿ ಬಿಷ್ಣೋಯಿ ಗೆರೆ ಬಿಟ್ಟಿದ್ದರು. ಬೆಂಗಳೂರಿನ ಹರ್ಷಲ್ ಪಟೇಲ್ ಸ್ಟಂಪಿಗೆ ಕೈಹಾಕಿದರೂ ಗುರಿ ತಪ್ಪಿತು. ಮುಂದೆ ಹೋದ ಮೇಲೆ ಚೆಂಡೆಸೆದು ಸ್ಟಂಪ್ ಬೀಳಿಸಿದರೂ ಆ ಹೊತ್ತಿಗೆ ಬೌಲಿಂಗ್ ಕ್ರಿಯೆ ಮುಗಿದಿತ್ತಾದ್ದರಿಂದ ಅಂಪೈರ್ ಒಪ್ಪಲಿಲ್ಲ. ಬೆಂಗಳೂರು ಸೋತಿತು. ಅಂದು ಆ ತಂಡದ ಎಷ್ಟೋ ಅಭಿಮಾನಿಗಳಿಗೆ ಆ ಬೇಲ್ಸ್ ಸಕಾಲದಲ್ಲಿ ಹಾರಬಾರದಿತ್ತೇ ಎನಿಸಿರಬೇಕು. ತನ್ನ ತಂಡದ ಸರದಿ ಬಂದಾಗ ಬೇಕೆನಿಸುವ ಔಟನ್ನು ಎದುರಾಳಿ ಮಾಡಿದಾಗ ಮೋಸ ಎನ್ನುವುದು ನ್ಯಾಯವಲ್ಲ.

ಇದಕ್ಕೆ ವಿರುದ್ಧವಾದ ವಾದವೂ ಹಗುರವಾದುದಲ್ಲ. ಕ್ರಿಕೆಟ್ ಸಭ್ಯರ ಆಟ, ಎಲ್ಲವನ್ನೂ ನಿಯಮದ ಪುಸ್ತಕದಿಂದ ಅಳೆಯಬಾರದು ಎನ್ನುವವರಿದ್ದಾರೆ. ಅವರು 1987ರ ವಿಶ್ವಕಪ್‌ನ ಲಾಹೋರ್ ಪಂದ್ಯವನ್ನು ನೆನಪಿಸುತ್ತಾರೆ. ವೆಸ್ಟ್ ಇಂಡೀಸ್‌ನ ಕೋರ್ಟ್ನಿ ವಾಲ್ಷ್ ಅಂತಿಮ ಓವರಿನಲ್ಲಿ ಪಾಕಿಸ್ತಾನದ ಸಲೀಂ ಜಾಫರ್ ಅವರನ್ನು ಹೀಗೆ ಔಟ್ ಮಾಡದೆ ಬಿಟ್ಟರು. ಪಂದ್ಯ ಕೈತಪ್ಪಿತು, ವೆಸ್ಟ್ ಇಂಡೀಸ್ ಸೆಮಿಫೈನಲ್ ತಲುಪಲಿಲ್ಲ. ಕನ್ನಡಿಗರಿಗೆ ಇನ್ನೂ ಹತ್ತಿರದ ಉದಾಹರಣೆ ಜಿ. ಆರ್. ವಿಶ್ವನಾಥ್ ಅವರದು. 1980ರ ಫೆಬ್ರವರಿಯಲ್ಲಿ ವಾಂಖೆಡೆಯ ಸುವರ್ಣ ಮಹೋತ್ಸವ ಟೆಸ್ಟ್‌ನಲ್ಲಿ ಅಂಪೈರ್ ಔಟ್ ಕೊಟ್ಟಿದ್ದ ಇಂಗ್ಲೆಂಡಿನ ಬಾಬ್ ಟೇಲರ್ ಅವರನ್ನು ನಾಯಕ ವಿಶ್ವನಾಥ್ ಮರಳಿ ಕರೆದರು. ಟೇಲರ್ ಮತ್ತು ಬೋಥಮ್ ಜತೆಯಾಟ ಬೆಳೆದು ಭಾರತ 10 ವಿಕೆಟ್‌ಗಳಿಂದ ಸೋತಿತು. ಆದರೂ ಭದ್ರಾವತಿಯ ಆ ಮಗನ ದೊಡ್ಡತನವನ್ನು ಇಂದಿಗೂ ಜನ ಕೊಂಡಾಡುತ್ತಾರೆ.

ಕೊಂಡಾಡಬೇಕಾದದ್ದೇ. ಆದರೆ ವಿಶ್ವನಾಥ್ ಟೇಲರ್ ಅವರನ್ನು ಕರೆದದ್ದು ಅವರು ಔಟೇ ಆಗಿಲ್ಲ ಎಂಬ ನಂಬಿಕೆಯಿಂದ. ವಾಲ್ಷ್ ಮಾಡಿದ್ದು ದಾನ. ದಾನ ಕೊಟ್ಟವನಿಗೆ ಕೈಮುಗಿಯೋಣವೆಂದರೆ ಯಾರೂ ಬೇಡವೆನ್ನುವುದಿಲ್ಲ. ದಾನ ಕೊಡದೆ, ನ್ಯಾಯವಾಗಿ ತನಗೆ ಬರಬೇಕಾದದ್ದನ್ನು ಪಡೆದವನನ್ನು ಕಳ್ಳನೆಂದು ಕರೆಯುವುದು ಮಾತ್ರ ಸಲ್ಲದು. ಈ ಔಟ್ ಇಷ್ಟವಿಲ್ಲದವರು ಮನಸಾರೆ ವಿರೋಧಿಸಲಿ, ತಮ್ಮ ತಂಡದಲ್ಲಿ ಮಾಡದಿರಲಿ. ಆ ಚರ್ಚೆಗೆ ತೀರಿಕೊಂಡ ಒಬ್ಬ ಹಿರಿಯರ ಹೆಸರು ಬೇಕಾಗಿಲ್ಲ.

ಆ ಪದದಿಂದಲಾದರೂ ಮಂಕಡ್ ಹೆಸರು ಉಳಿದಿದೆಯಲ್ಲ ಎನ್ನುವವರೂ ಉಂಟು. ಹೆಸರು ಉಳಿಸಲು ಅದಕ್ಕಿಂತ ಒಳ್ಳೆಯ ದಾರಿಗಳಿವೆ. ಭಾರತೀಯ ಕ್ರಿಕೆಟ್ ಮಂಡಳಿಯ 19 ವರ್ಷದೊಳಗಿನ ಹುಡುಗರ ಏಕದಿನ ಪಂದ್ಯಾವಳಿಗೆ ವಿನೂ ಮಂಕಡ್ ಟ್ರೋಫಿ ಎಂಬ ಹೆಸರಿದೆ. 2021ರಲ್ಲಿ ಐಸಿಸಿ ಅವರನ್ನು ತನ್ನ ಹಾಲ್ ಆಫ್ ಫೇಮ್‌ಗೆ ಸೇರಿಸಿತು. ಚರ್ಚ್‌ಗೇಟಿನಲ್ಲಿ ವಾಂಖೆಡೆ ಕ್ರೀಡಾಂಗಣದ ಬದಿಯ ರಸ್ತೆಯೇ ವಿನೂ ಮಂಕಡ್ ರಸ್ತೆ. ಫೋರ್ಟ್, ಚರ್ಚ್‌ಗೇಟ್ ಪರಿಸರದ ಕಚೇರಿಗಳಲ್ಲಿ, ಹೋಟೆಲುಗಳಲ್ಲಿ ದುಡಿಯುವ ಎಷ್ಟೋ ತುಳು-ಕನ್ನಡಿಗರು ಆ ಫಲಕದ ಕೆಳಗೆ ನಡೆದು ಹೋಗುತ್ತಾರೆ. ಫಲಕದಲ್ಲಿ ಗೌರವ, ಮೈದಾನದಲ್ಲಿ ಬೈಗುಳ. ಒಂದೇ ಹೆಸರಿಗೆ ಒಂದೇ ಊರಿನಲ್ಲಿ ಎರಡು ಬೆಲೆ.

ಹೆಸರಿನ ಬೆಲೆ ಹೊರನಾಡ ಕನ್ನಡಿಗರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ವಿಂಧ್ಯದ ಕೆಳಗಿನವರೆಲ್ಲ 'ಮದ್ರಾಸಿ' ಎಂದು ಒಂದೇ ಮಾತಿನಲ್ಲಿ ಮುಗಿಸುವ ಕಾಲವನ್ನು ಮುಂಬಯಿಯಲ್ಲೂ ದಿಲ್ಲಿಯಲ್ಲೂ ಹಿಂದಿನ ತಲೆಮಾರು ಅನುಭವಿಸಿದೆ. 1960ರ ದಶಕದ ಕೊನೆಯಲ್ಲಿ ಇದೇ ಮಹಾನಗರದಲ್ಲಿ ಲುಂಗಿಯ ಹೆಸರೆತ್ತಿ ದಕ್ಷಿಣದವರನ್ನು ಹೀಯಾಳಿಸುವ ಘೋಷಣೆಗಳು ಕೇಳಿಬಂದಿದ್ದವು. ಹಗಲಿಡೀ ದುಡಿದು ರಾತ್ರಿ ಶಾಲೆಯಲ್ಲಿ ಕಲಿತು ಮೇಲೆ ಬಂದವನಿಗೆ, ತನ್ನ ಊರು, ಭಾಷೆ, ಹೆಸರು ಯಾವುದನ್ನೂ ಕೇಳದೆ ಒಂದು ಚೀಟಿ ಅಂಟಿಸಿದರೆ ಆಗುವ ನೋವು ಎಂತಹುದೆಂದು ಆ ಹಿರಿಯರು ಬಲ್ಲರು. ಹಾಗೆ ಚೀಟಿ ಅಂಟಿಸಿದವರಲ್ಲಿ ಎಲ್ಲರೂ ಕೆಟ್ಟವರಾಗಿರಲಿಲ್ಲ. ಬಾಯಿಗೆ ಬಂದ ಮಾತು, ಅಷ್ಟೇ. 'ಮಂಕಡ್ ಮಾಡಿದ' ಎನ್ನುವವರದೂ ಬಾಯಿಗೆ ಬಂದ ಮಾತೇ. ಆದ್ದರಿಂದಲೇ ಅದನ್ನು ಬಿಡುವುದು ಕಷ್ಟವಲ್ಲ.

ಮುಂದಿನ ಪಂದ್ಯಾಟಗಳ ಸಿದ್ಧತೆಯಲ್ಲಿರುವ ಸಂಘಗಳು ಎರಡು ಸಣ್ಣ ಕೆಲಸ ಮಾಡಬಹುದು. ಮೊದಲನೆಯದು, ನಿಯಮಾವಳಿಯ ಹಾಳೆಯಲ್ಲಿ, 'ಚೆಂಡು ಕೈಬಿಡುವ ಮೊದಲು ಗೆರೆ ಬಿಟ್ಟ ನಾನ್-ಸ್ಟ್ರೈಕರ್‌ನನ್ನು ರನ್ ಔಟ್ ಮಾಡಬಹುದು' ಎಂಬ ಒಂದು ಸಾಲು ಸೇರಿಸಿ, ಟಾಸ್ ಸಮಯದಲ್ಲಿ ಅಂಪೈರ್ ಎರಡೂ ನಾಯಕರಿಗೆ ಓದಿ ಹೇಳುವುದು. ಸಂಘದ ಆಟವಾದ್ದರಿಂದ ಒಂದು ಎಚ್ಚರಿಕೆ ಇರಲಿ ಎಂದು ಎಲ್ಲರೂ ಒಪ್ಪಿದರೆ ಅದನ್ನೂ ಮೊದಲೇ ಬರೆದಿಡಲಿ. ಮೊದಲೇ ಬರೆದಿಟ್ಟ ಮಾತಿಗೆ ಕೊನೆಯ ಓವರಿನಲ್ಲಿ ಜಗಳವಿರುವುದಿಲ್ಲ. ಎರಡನೆಯದು, ಮೈಕ್ ಹಿಡಿದು ವೀಕ್ಷಕ ವಿವರಣೆ ಕೊಡುವವರು, ಸ್ಕೋರ್ ಬರೆಯುವವರು, ಶಾಮಿಯಾನದ ಹಿರಿಯರು ಎಲ್ಲರೂ ಅದನ್ನು 'ರನ್ ಔಟ್' ಎಂದೇ ಕರೆಯುವುದು.

ಆಗಲೂ ಯಾವನಾದರೂ ಹುಡುಗ 'ಮಂಕಡ್ ಅಂದರೆ ಏನು?' ಎಂದು ಕೇಳಬಹುದು. 44 ಟೆಸ್ಟ್, 2109 ರನ್, 162 ವಿಕೆಟ್, ಭಾರತದ ಮೊದಲ ಟೆಸ್ಟ್ ಗೆಲುವಿನಲ್ಲಿ 12 ವಿಕೆಟ್ ಎಂದು ಅವನಿಗೆ ಹೇಳಲಿ. ಬಿಡುವಿದ್ದ ದಿನ ಚರ್ಚ್‌ಗೇಟಿಗೆ ಕರೆದುಕೊಂಡು ಹೋಗಿ ಆ ರಸ್ತೆಯ ಫಲಕವನ್ನೂ ತೋರಿಸಲಿ.